ಮಾರ್ಕನ ಕೊನೆಯ 12 ವಚನಗಳನ್ನು ಬರೆದವರು ಯಾರು? ಸುವಾರ್ತೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದವಳು. ಅಜ್ಜಿ ದಿನಾ ಸಂಜೆ ಸತ್ಯವೇದ ಓದಿ ಹೇಳುತ್ತಿದ್ದರು. ಈಚೆಗೆ ಒಂದು ಹೊಸ ಅನುವಾದ ಕೊಂಡೆ. ಅದರಲ್ಲಿ ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳನ್ನು ಕಂಸದೊಳಗೆ ಹಾಕಿ, ಹಳೆಯ ಪ್ರತಿಗಳಲ್ಲಿ ಇವು ಇಲ್ಲ ಅಂತ ಅಡಿಟಿಪ್ಪಣಿ ಕೊಟ್ಟಿದ್ದಾರೆ. ಯೋಹಾನನ ಸುವಾರ್ತೆಯಲ್ಲಿ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಗೂ ಹಾಗೇ ಮಾಡಿದ್ದಾರೆ. ಅದು ಅಜ್ಜಿಯ ಅಚ್ಚುಮೆಚ್ಚಿನ ಕಥೆ. ಆಫೀಸಿನ ಗೆಳೆಯರೊಬ್ಬರು, 'ಈ ಸುವಾರ್ತೆಗಳನ್ನು ಬರೆದವರು ಯಾರೋ ಏನೋ. ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾ ಸಭೆಯಲ್ಲಿ ತನಗೆ ಬೇಕಾದ ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನು ಸುಡಿಸಿದ' ಅಂತಾರೆ. ವಿದ್ವಾಂಸರು ನಿಜವಾಗಿ ಏನು ಹೇಳುತ್ತಾರೆ? ನಾನು ಯಾವುದನ್ನು ನಂಬಲಿ?

ಉತ್ತರ: ಕಂಸದ ವಿಷಯದಲ್ಲಿ ನಿಮ್ಮ ಹೊಸ ಅನುವಾದ ಹೇಳುವುದು ಸರಿ. ಕಾನ್‌ಸ್ಟಂಟೈನನ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳುವುದು ತಪ್ಪು. ಸುವಾರ್ತೆಗಳನ್ನು ಬರೆದವರು ಯಾರು, ಅವರಿಗೆ ವಿಷಯ ಎಲ್ಲಿಂದ ಸಿಕ್ಕಿತು ಅನ್ನುವುದರ ಬಗ್ಗೆ ಮಾತ್ರ ಚರ್ಚೆ ಇನ್ನೂ ನಡೆದೇ ಇದೆ.

ಮೊದಲೇ ಒಂದು ಮಾತು. 'ನಂಬಬಹುದಾ' ಅಂತ ಕೇಳುವಾಗ ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಟ್ಟಿಗೇ ಕೇಳುತ್ತಿರುತ್ತೇವೆ. ಮಾರ್ಕ ಬರೆದದ್ದೇ ನನ್ನ ಕೈಗೆ ಬಂದಿದೆಯಾ? ಇದು ನಕಲು ಮಾಡಿದವರ ಮೇಲಿನ ಪ್ರಶ್ನೆ. ಮಾರ್ಕ ಬರೆದದ್ದು ನಡೆದದ್ದೇನಾ? ಇದು ಮಾರ್ಕನ ಮೇಲಿನ ಪ್ರಶ್ನೆ. ಒಂದು ಪತ್ರವನ್ನು ಒಂದಕ್ಷರ ತಪ್ಪದೆ ನಕಲು ಮಾಡಬಹುದು, ಮೂಲದಲ್ಲೇ ತಪ್ಪಿರಬಹುದು. ನಕಲು ತಪ್ಪುತಪ್ಪಾಗಿರಬಹುದು, ಹೇಳಿದ ಸಂಗತಿ ನಿಜವೇ ಇರಬಹುದು. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಈಗ ಮಾರ್ಕನ ಕೊನೆ ನೋಡೋಣ. 16ನೇ ಅಧ್ಯಾಯದ 8ನೇ ವಚನದಲ್ಲಿ ಮೂವರು ಹೆಂಗಸರು ಖಾಲಿ ಸಮಾಧಿಯಿಂದ ಓಡಿಹೋಗುತ್ತಾರೆ. ಯಾರಿಗೂ ಏನೂ ಹೇಳುವುದಿಲ್ಲ, ಯಾಕಂದರೆ ಅವರಿಗೆ ಭಯ. ನಮಗೆ ಸಿಕ್ಕಿರುವ ಪೂರ್ತಿ ಗ್ರೀಕ್ ಪ್ರತಿಗಳಲ್ಲಿ ತೀರಾ ಹಳೆಯವು ಎರಡು. ಎರಡೂ 4ನೇ ಶತಮಾನದವು: ಒಂದು ವ್ಯಾಟಿಕಾನಸ್, ಇನ್ನೊಂದು ಸಿನೈಟಿಕಸ್. ಎರಡರಲ್ಲೂ ಮಾರ್ಕನ ಕಥೆ ಇಲ್ಲಿಗೇ ನಿಲ್ಲುತ್ತದೆ. ಸಿರಿಯಾಕ್ ಭಾಷೆಯ ಒಂದು ಹಳೆಯ ಪ್ರತಿಯೂ ಇಲ್ಲೇ ನಿಲ್ಲುತ್ತದೆ. ಆ ಕಾಲದ ಚರಿತ್ರೆಕಾರ ಯುಸೇಬಿಯಸ್, ತಾನು ನಂಬುವ ಪ್ರತಿಗಳಲ್ಲಿ 8ನೇ ವಚನಕ್ಕೇ ಮುಗಿಯುತ್ತದೆ ಅಂತ ಬರೆದಿದ್ದಾನೆ. ಅಂದರೆ ನಿಮ್ಮ ಅನುವಾದದ ಆ ಅಡಿಟಿಪ್ಪಣಿ ಹೊಸ ಕಾಲದ ಸಂಶಯ ಅಲ್ಲ. ಅದಕ್ಕೆ 1700 ವರ್ಷ ವಯಸ್ಸಾಗಿದೆ.

ವ್ಯಾಟಿಕಾನಸ್ ಪ್ರತಿಯ ಆ ಪುಟದ ಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ದಯವಿಟ್ಟು ಒಮ್ಮೆ ನೋಡಿ. ಒಂದೊಂದು ಪುಟಕ್ಕೂ ಮೂರು ಕಾಲಂ. ಸಾಮಾನ್ಯವಾಗಿ ಒಂದು ಪುಸ್ತಕ ಮುಗಿದರೆ ಬರೆದವನು ಮುಂದಿನ ಕಾಲಂನಲ್ಲೇ ಇನ್ನೊಂದನ್ನು ಶುರು ಮಾಡುತ್ತಾನೆ. ಚರ್ಮದ ಹಾಳೆ ಅಂದರೆ ದುಡ್ಡು, ಅದನ್ನು ಹಾಳು ಮಾಡುವ ಹಾಗಿರಲಿಲ್ಲ. ಇಲ್ಲಿ ಮಾತ್ರ ಮಾರ್ಕ ಮುಗಿದ ಮೇಲೆ ಒಂದು ಇಡೀ ಕಾಲಂ ಖಾಲಿ ಬಿಟ್ಟಿದ್ದಾನೆ. ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಹೀಗೆ ಬಿಟ್ಟಿಲ್ಲ. ಇನ್ನೂ ಏನೋ ಇದೆ ಅಂತ ಅವನಿಗೆ ಗೊತ್ತಿತ್ತಾ? ಎದುರಿಗಿದ್ದ ಪ್ರತಿಯಲ್ಲಿ ಇಲ್ಲವಲ್ಲ ಅಂತ ಬರೆಯದೆ ಜಾಗ ಮಾತ್ರ ಬಿಟ್ಟನಾ? ನಾನು ಹಾಗೇ ಅಂದುಕೊಂಡಿದ್ದೇನೆ. ತನ್ನಿಂದ ಒಂದು ಪದವನ್ನೂ ಸೇರಿಸದೆ ಆತ ಬಿಟ್ಟುಹೋದ ಆ ಖಾಲಿ ಜಾಗ ನೋಡಿದಾಗಲೆಲ್ಲ ಅವನ ಮೇಲೆ ನನಗೆ ಗೌರವ ಹುಟ್ಟುತ್ತದೆ.

ಆ 12 ವಚನಗಳ ಒಳಗೇ ಸುಳಿವುಗಳಿವೆ. 9ನೇ ವಚನ ಮಗ್ದಲದ ಮರಿಯಳನ್ನು, 'ಯೇಸು ಏಳು ದೆವ್ವಗಳನ್ನು ಬಿಡಿಸಿದ್ದವಳು' ಅಂತ ಹೊಸದಾಗಿ ಪರಿಚಯ ಮಾಡಿಕೊಡುತ್ತದೆ. ಆದರೆ ಆಕೆಯ ಹೆಸರು ಇಷ್ಟರಲ್ಲಿ ಮೂರು ಸಲ ಬಂದಾಗಿದೆ. ಹಿಂದಿನ ವಚನದಲ್ಲಷ್ಟೇ ಓಡಿಹೋದಳು. ಜೊತೆಗಿದ್ದ ಉಳಿದ ಹೆಂಗಸರು ಮತ್ತೆ ಕಾಣಿಸುವುದೇ ಇಲ್ಲ. ಮುಂದೆ ಬರುವುದರಲ್ಲಿ ಜಾಸ್ತಿ ಭಾಗ ಲೂಕ ಮತ್ತು ಯೋಹಾನ ಹೇಳಿದ ಸಂಗತಿಗಳ ಸಾರಾಂಶದ ಹಾಗಿದೆ. ಪದಗಳೂ ಮಾರ್ಕನ ಪದಗಳಲ್ಲ. ಬೇರೆ ಯಾರೋ ಬರೆದಿಟ್ಟದ್ದನ್ನು ತಂದು ಅಂಟಿಸಿದ ಹಾಗೆ ಕಾಣುತ್ತದೆ. ಹಾಗಂತ ತೀರಾ ತಡವಾಗಿ ಸೇರಿದ್ದೂ ಅಲ್ಲ. ಸುಮಾರು ಕ್ರಿ.ಶ. 180ರಲ್ಲಿ ಬರೆದ ಬಿಷಪ್ ಐರೇನಿಯಸ್ 19ನೇ ವಚನವನ್ನು ಮಾರ್ಕನದ್ದೆಂದೇ ಉದಾಹರಿಸುತ್ತಾನೆ. ಆ ಹೊತ್ತಿಗೆ ಅದು ಸೇರಿಯಾಗಿತ್ತು. ಈಗಲೂ ಆ 12 ವಚನ ಮಾರ್ಕನದ್ದೇ ಅಂತ ವಾದಿಸುವ ವಿದ್ವಾಂಸರಿದ್ದಾರೆ, ಆದರೆ ಕೆಲವರೇ.

ಹಾಗಾದರೆ ಮಾರ್ಕ ನಿಜವಾಗಿಯೂ 'ಭಯ' ಅನ್ನುವಲ್ಲೇ ನಿಲ್ಲಿಸಿದನಾ, ಅಥವಾ ಕೊನೆಯ ಹಾಳೆ ಹರಿದುಹೋಯಿತಾ? ಗ್ರೀಕಿನಲ್ಲಿ ಕೊನೆಯ ಎರಡು ಪದ 'ಎಫೊಬೂಂತೊ ಗಾರ್'. 'ಗಾರ್' ಅಂದರೆ 'ಯಾಕಂದರೆ'. ಯಾವ ಪುಸ್ತಕವೂ 'ಯಾಕಂದರೆ' ಅನ್ನುವ ಪದದಲ್ಲಿ ಮುಗಿಯಲು ಸಾಧ್ಯವಿಲ್ಲ ಅಂತ ಒಂದು ಕಾಲದಲ್ಲಿ ವಾದಿಸುತ್ತಿದ್ದರು. ಆದರೆ ಗ್ರೀಕಿನಲ್ಲಿ 'ಗಾರ್' ವಾಕ್ಯದ ಮೊದಲಲ್ಲಿ ಬರುವ ಹಾಗಿಲ್ಲ. ಎರಡೇ ಪದದ ವಾಕ್ಯವಾದರೆ ಅದು ಕೊನೆಗೇ ಬೀಳಬೇಕು. ತತ್ತ್ವಜ್ಞಾನಿ ಪ್ಲೊಟಿನಸನ ಒಂದು ಪ್ರಬಂಧವೂ ಇದೇ ಪದದಲ್ಲಿ ಮುಗಿಯುತ್ತದೆ. ಹಾಗಾಗಿ ವ್ಯಾಕರಣ ಅಡ್ಡಿ ಬರುವುದಿಲ್ಲ. ಮಾರ್ಕ ಬೇಕೆಂದೇ ಅಲ್ಲಿ ನಿಲ್ಲಿಸಿದ ಅನ್ನುವ ಕಡೆಗೇ ನನ್ನ ಒಲವು.

ನಮ್ಮ ಮೊದಲ ಕನ್ನಡ ಅನುವಾದಕರಿಗೆ ಇದು ಗೊತ್ತಿರಲಿಲ್ಲವಾ ಅಂತ ನೀವು ಕೇಳಬಹುದು. ಅವರಿಗೆ ಸಿಕ್ಕ ಗ್ರೀಕ್ ಪಠ್ಯವೇ ಬೇರೆ. 1516ರಲ್ಲಿ ಡಚ್ ಪಂಡಿತ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಅದು ಅಚ್ಚಾಗಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ. 1834ರಲ್ಲಿ ಮಂಗಳೂರಿಗೆ ಮಿಷನ್ನಿನವರು ಬಂದರಲ್ಲ, ಅದೇ ಬಾಸೆಲ್. ಎರಾಸ್ಮಸನ ಕೈಯಲ್ಲಿ ಇದ್ದದ್ದು ಬೆರಳೆಣಿಕೆಯ ಪ್ರತಿಗಳು, ಅವೂ ತಡವಾದ ಕಾಲದವು. ಪ್ರಕಟನೆ ಪುಸ್ತಕದ ಕೊನೆಯ ಹಾಳೆ ಅವನ ಪ್ರತಿಯಲ್ಲಿ ಇರಲಿಲ್ಲ. ಲ್ಯಾಟಿನ್ ನೋಡಿಕೊಂಡು ಆ ಕೆಲವು ವಚನಗಳನ್ನು ತಾನೇ ಗ್ರೀಕಿಗೆ ತಿರುಗಿಸಿ ಹಾಕಿದ. ಮುಂದೆ 300 ವರ್ಷಕ್ಕೂ ಜಾಸ್ತಿ ಕಾಲ ಯುರೋಪಿನವರು ಅನುವಾದಕ್ಕೆ ಇಟ್ಟುಕೊಂಡದ್ದು ಹೆಚ್ಚುಕಡಿಮೆ ಆ ಪಠ್ಯವನ್ನೇ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ತಂದದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ. ಸೀನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಜರ್ಮನ್ ವಿದ್ವಾಂಸ ಟಿಷೆಂಡಾರ್ಫ್ ಸಿನೈಟಿಕಸ್‌ನ ಹಾಳೆಗಳನ್ನು ಮೊದಲ ಸಲ ಕಂಡದ್ದು 1844ರಲ್ಲಿ. ಹೆಚ್ಚಿನ ಭಾಗ ಕಣ್ಣಿಗೆ ಬಿದ್ದದ್ದು 1859ರಲ್ಲಿ. ಹಾಗಾಗಿ ಹಳೆಯ ಅನುವಾದಕರನ್ನು ದೂರಬೇಡಿ, ಈಗಿನವರು ಏನನ್ನೋ ಕಿತ್ತುಹಾಕುತ್ತಿದ್ದಾರೆ ಅಂತಲೂ ಅಂದುಕೊಳ್ಳಬೇಡಿ.

ನಿಮ್ಮ ಅಜ್ಜಿಯವರ ಕಥೆಗೆ ಬರುತ್ತೇನೆ. ಯೋಹಾನ 7:53ರಿಂದ 8:11ರವರೆಗಿನ ಆ ಭಾಗ ಹಳೆಯ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಪ್ರತಿಗಳಲ್ಲಿ ಇಲ್ಲ. ವ್ಯಾಟಿಕಾನಸ್, ಸಿನೈಟಿಕಸ್‌ನಲ್ಲೂ ಇಲ್ಲ. ಅದು ಮೊದಲು ಕಾಣಿಸುವ ಗ್ರೀಕ್ ಪ್ರತಿ ಬೇಝೆ, ಸುಮಾರು 5ನೇ ಶತಮಾನದ್ದು. ಸೋಜಿಗ ಏನೆಂದರೆ, ಕೆಲವು ಪ್ರತಿಗಳಲ್ಲಿ ಇದೇ ಕಥೆ ಲೂಕನ 21ನೇ ಅಧ್ಯಾಯದ ಕೊನೆಯಲ್ಲಿ ಬರುತ್ತದೆ. ಇನ್ನು ಕೆಲವಲ್ಲಿ ಯೋಹಾನನ ಸುವಾರ್ತೆ ಪೂರ್ತಿ ಮುಗಿದ ಮೇಲೆ ಬರುತ್ತದೆ. ಜನರ ಬಾಯಲ್ಲಿದ್ದ ಕಥೆ, ಬಿಡಲು ಯಾರಿಗೂ ಮನಸ್ಸಿಲ್ಲ, ಇಡುವುದೆಲ್ಲಿ ಅಂತ ಗೊತ್ತಿಲ್ಲ. 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಕುರುಡ ಪಂಡಿತ ಡಿಡಿಮಸ್‌ಗೆ ಇಂಥ ಒಂದು ಕಥೆ ಗೊತ್ತಿತ್ತು. ಅದಕ್ಕೂ ಹಿಂದೆ, 2ನೇ ಶತಮಾನದ ಮೊದಲ ಭಾಗದಲ್ಲಿದ್ದ ಪಾಪಿಯಾಸ್, ಅನೇಕ ಪಾಪಗಳ ಆರೋಪ ಹೊತ್ತು ಯೇಸುವಿನ ಮುಂದೆ ನಿಂತ ಹೆಂಗಸಿನ ಕಥೆ ಹೇಳಿದ್ದನಂತೆ. ಅದು ಇದೇನಾ ಅಂತ ಹೇಳಲು ಬರುವುದಿಲ್ಲ. ನನ್ನ ತೀರ್ಮಾನ ಇಷ್ಟು: ಈ ಕಥೆ ಯೋಹಾನ ಬರೆದದ್ದಲ್ಲ. ಆದರೆ ತುಂಬಾ ಹಳೆಯದು. ಯಾರೋ ಕೂತು ಸುಮ್ನೆ ಕಟ್ಟಿದರು ಅನ್ನುವುದಕ್ಕೆ ಆಧಾರ ಇಲ್ಲ.

ಈ ಎರಡು ಭಾಗ ಬಿಟ್ಟರೆ ಇಷ್ಟು ದೊಡ್ಡ ವ್ಯತ್ಯಾಸ ಹೊಸ ಒಡಂಬಡಿಕೆಯಲ್ಲಿ ಮತ್ತೊಂದಿಲ್ಲ. ಸಣ್ಣವು ಲೆಕ್ಕವಿಲ್ಲದಷ್ಟಿವೆ. 1707ರಲ್ಲಿ ಇಂಗ್ಲೆಂಡಿನ ಜಾನ್ ಮಿಲ್ ಸುಮಾರು 30,000 ಪಾಠಾಂತರಗಳನ್ನು, ಅಂದರೆ ಪ್ರತಿಯಿಂದ ಪ್ರತಿಗೆ ಇರುವ ವ್ಯತ್ಯಾಸಗಳನ್ನು, ಪಟ್ಟಿ ಮಾಡಿದಾಗ ಜನ ಗಾಬರಿ ಬಿದ್ದರು. ಇವತ್ತಿನ ಒಂದು ಅಂದಾಜು, ಬರೀ ಕಾಗುಣಿತದ ವ್ಯತ್ಯಾಸಗಳನ್ನು ಬಿಟ್ಟೂ, 5 ಲಕ್ಷದಷ್ಟು ಇರಬಹುದು ಅನ್ನುತ್ತದೆ. ಈ ಸಂಖ್ಯೆಯನ್ನು ಎತ್ತಿ ತೋರಿಸಿ 'ನೋಡಿ, ಎಲ್ಲಾ ಕೆಟ್ಟುಹೋಗಿದೆ' ಅನ್ನುವವರಿದ್ದಾರೆ. ಅದು ಸರಿಯಲ್ಲ. ಗ್ರೀಕ್ ಪ್ರತಿಗಳೇ 5,000ಕ್ಕೂ ಜಾಸ್ತಿ ಇವೆ. ಪ್ರತಿ ಜಾಸ್ತಿಯಾದಷ್ಟೂ ವ್ಯತ್ಯಾಸ ಜಾಸ್ತಿ ಸಿಗುತ್ತದೆ, ಅದನ್ನು ಹಿಡಿಯಲು ಸಾಕ್ಷಿಯೂ ಜಾಸ್ತಿ ಸಿಗುತ್ತದೆ. ಒಂದೇ ಪ್ರತಿ ಉಳಿದಿದ್ದರೆ ಒಂದೂ ಪಾಠಾಂತರ ಇರುತ್ತಿರಲಿಲ್ಲ. ಅದರಲ್ಲಿ ಏನು ತಪ್ಪಿದೆ ಅಂತ ತಿಳಿಯುವ ದಾರಿಯೂ ಇರುತ್ತಿರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಮಾರ್ಕನ ಮೊದಲ ಅಧ್ಯಾಯದ 2ನೇ ವಚನ. 'ಪ್ರವಾದಿ ಯೆಶಾಯನ ಗ್ರಂಥದಲ್ಲಿ ಬರೆದಿರುವಂತೆ' ಅಂತ ಹೇಳಿ ಒಂದು ಮಾತು ಕೊಡುತ್ತಾನೆ. ಆದರೆ ಅದರ ಮೊದಲ ಭಾಗ ಯೆಶಾಯನದ್ದಲ್ಲ, ಬಹುಮಟ್ಟಿಗೆ ಮಲಾಕಿಯನದ್ದು. ತಡವಾದ ಅನೇಕ ಪ್ರತಿಗಳಲ್ಲಿ ಅಲ್ಲಿ 'ಪ್ರವಾದಿಗಳಲ್ಲಿ ಬರೆದಿರುವಂತೆ' ಅಂತ ಇದೆ. ಏನು ನಡೆದಿರಬೇಕು? ನಕಲು ಮಾಡುವ ಒಬ್ಬ ಭಕ್ತನಿಗೆ ತಪ್ಪು ಕಂಡಿದೆ, ಮುಜುಗರವಾಗಿದೆ, ತಿದ್ದಿದ್ದಾನೆ. ಸರಿಯಾಗಿರುವುದನ್ನು ಯಾರೂ ಬೇಕೆಂದು ತಪ್ಪು ಮಾಡುವುದಿಲ್ಲ ಅಲ್ವಾ? ಆದ್ದರಿಂದ ಕಷ್ಟದ ಪಾಠವೇ ಮೂಲಕ್ಕೆ ಹತ್ತಿರದ್ದು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಇದು ಹಳೆಯ ಸೂತ್ರ.

ಪ್ರತಿಗಳ ವಯಸ್ಸಿನ ಬಗ್ಗೆಯೂ ದೊಡ್ಡ ಜಗ್ಗಾಟ ಇದೆ. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಒಂದು ಪಪೈರಸ್ ಚೂರು ಇದೆ. ಅಗಲ 6 ಸೆಂಟಿಮೀಟರ್, ಎತ್ತರ 9 ಸೆಂಟಿಮೀಟರಿಗೆ ಒಂದು ಚೂರು ಕಡಿಮೆ. ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಎರಡೂ ಬದಿಯಲ್ಲಿ ಬರಹ ಇದೆ, ಅಂದರೆ ಸುರುಳಿ ಅಲ್ಲ, ಪುಸ್ತಕದ ಹಾಳೆ. ಪಿಲಾತನ ಮುಂದೆ ಯೇಸುವಿನ ವಿಚಾರಣೆ ನಡೆಯುವ ಭಾಗ, ಯೋಹಾನನ 18ನೇ ಅಧ್ಯಾಯ. 1920ರಲ್ಲಿ ಈಜಿಪ್ಟಿನಲ್ಲಿ ಕೊಂಡ ಕಟ್ಟಿನಲ್ಲಿ ಇದೂ ಸೇರಿಕೊಂಡಿತ್ತು. 1934ರಲ್ಲಿ ಕಾಲಿನ್ ರಾಬರ್ಟ್ಸ್ ಗುರುತಿಸಿದರು, ಮರುವರ್ಷ ಪ್ರಕಟಿಸಿದರು. ಅಕ್ಷರದ ರೂಪ ನೋಡಿ 2ನೇ ಶತಮಾನದ ಮೊದಲರ್ಧ ಅಂದರು. ಆಮೇಲೆ ಜನ ಅದನ್ನು 'ಕ್ರಿ.ಶ. 125' ಅಂತ ಖಚಿತವಾಗಿ ಹೇಳತೊಡಗಿದರು. ಯೋಹಾನನ ಸುವಾರ್ತೆ 2ನೇ ಶತಮಾನದ ಮಧ್ಯದಲ್ಲಿ ಹುಟ್ಟಿದ್ದು ಅನ್ನುತ್ತಿದ್ದವರ ಬಾಯಿ ಇದರಿಂದ ಮುಚ್ಚಿತು.

2005ರಲ್ಲಿ ಬ್ರೆಂಟ್ ನಾಂಗ್ಬ್ರಿ ಅನ್ನುವ ವಿದ್ವಾಂಸರು ಎಲ್ಲರೂ ನಿಂತು ಯೋಚಿಸುವಂಥ ಪ್ರಶ್ನೆ ಎತ್ತಿದರು. ಅಕ್ಷರ ನೋಡಿ ಕಾಲ ಹೇಳುವುದು ಹೇಗೆ? ತಾರೀಖು ಇರುವ ದಾಖಲೆಗಳ ಜೊತೆ ಅಕ್ಷರಗಳನ್ನು ಹೋಲಿಸಿ. ಒಬ್ಬ ಬರಹಗಾರ ಇಪ್ಪತ್ತರ ವಯಸ್ಸಿನಲ್ಲಿ ಕಲಿತ ಕೈಬರಹವನ್ನು ಅರವತ್ತರಲ್ಲೂ ಬರೆಯುತ್ತಾನೆ. ಅವನ ಶಿಷ್ಯನೂ ಹಾಗೇ ಬರೆಯುತ್ತಾನೆ. ಈ ಚೂರಿನ ಅಕ್ಷರಗಳಿಗೆ ಹೋಲುವ ದಾಖಲೆಗಳು 2ನೇ ಶತಮಾನದ ಕೊನೆಗೂ, 3ನೆಯದರ ಮೊದಲಿಗೂ ಸಿಗುತ್ತವೆ. ಹಾಗಾಗಿ ಇಷ್ಟು ಸಣ್ಣ ಚೂರಿನ ಮೇಲೆ ಅಷ್ಟು ದೊಡ್ಡ ವಾದ ಕಟ್ಟಬೇಡಿ ಅಂದರು. ಇದು ನ್ಯಾಯವಾದ ಮಾತು. ಯೋಹಾನನ ಸುವಾರ್ತೆ 1ನೇ ಶತಮಾನದ ಕೊನೆಯ ಹೊತ್ತಿನದು ಅಂತ ನಾನೂ ಒಪ್ಪುತ್ತೇನೆ. ಆದರೆ ಈ ಚೂರನ್ನು ಅದಕ್ಕೆ ಸಾಕ್ಷಿ ಅಂತ ಹಿಡಿಯುವುದಿಲ್ಲ.

ಆತುರ ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಈಚಿನ ಒಂದು ಘಟನೆ ಇದೆ. 2012ರಲ್ಲಿ ಅಮೆರಿಕದ ಒಂದು ಚರ್ಚಾ ಸಭೆಯಲ್ಲಿ ವಿದ್ವಾಂಸರೊಬ್ಬರು, 1ನೇ ಶತಮಾನದ್ದೇ ಆದ ಮಾರ್ಕನ ಚೂರು ಸಿಕ್ಕಿದೆ ಅಂತ ಹೇಳಿಬಿಟ್ಟರು. ಆರು ವರ್ಷ ಆ ಸುದ್ದಿ ಲೋಕವೆಲ್ಲಾ ತಿರುಗಿತು. 2018ರಲ್ಲಿ ಚೂರು ಪ್ರಕಟವಾದಾಗ ಅದು 2ನೇ ಶತಮಾನದ ಕೊನೆ ಅಥವಾ 3ನೆಯದರ ಮೊದಲಿನದು ಅಂತ ಗೊತ್ತಾಯಿತು. ಮಾರ್ಕನ ಮೊದಲ ಅಧ್ಯಾಯದ ಐದಾರು ವಚನಗಳ ತುಣುಕುಗಳು ಅಷ್ಟೇ. ಆದರೂ ಆ ಅಧ್ಯಾಯಕ್ಕೆ ನಮಗಿರುವ ಅತಿ ಹಳೆಯ ಸಾಕ್ಷಿ ಅದೇ. ಸುಳ್ಳು ಸುದ್ದಿ ಇಲ್ಲದಿದ್ದರೆ ಎಲ್ಲರೂ ಅದನ್ನು ಸಂತೋಷದಿಂದ ಬರಮಾಡಿಕೊಳ್ಳುತ್ತಿದ್ದರು. ನನಗೆ ಈಗಲೂ ಅದರ ಬಗ್ಗೆ ಬೇಸರ ಇದೆ.

ಆ ಚೂರು ಸಿಕ್ಕ ಜಾಗದ ಬಗ್ಗೆ ಕನ್ನಡಿಗರಿಗೆ ಒಂದು ಮಾತು ಹೇಳಲೇಬೇಕು. ಅದು ಕೈರೋದಿಂದ ದಕ್ಷಿಣಕ್ಕಿರುವ ಆಕ್ಸಿರಿಂಕಸ್. 1896ರ ಚಳಿಗಾಲದಿಂದ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನುವ ಇಬ್ಬರು ಅಲ್ಲಿಯ ಹಳೆಯ ತಿಪ್ಪೆಗುಡ್ಡೆಗಳನ್ನು ಅಗೆದರು. ಮಳೆ ಇಲ್ಲದ ನೆಲ, ಹಾಗಾಗಿ ಎಸೆದ ಪಪೈರಸ್ ಹಾಗೇ ಉಳಿದಿತ್ತು. ಮೊದಲ ವರ್ಷವೇ ಯೇಸುವಿನ ಮಾತುಗಳಿದ್ದ ಒಂದು ಹಾಳೆ ಸಿಕ್ಕಿತು. ಅದು ಸತ್ಯವೇದಕ್ಕೆ ಸೇರದ ತೋಮನ ಸುವಾರ್ತೆಯ ಭಾಗ ಅಂತ ಗೊತ್ತಾದದ್ದು 1945ರಲ್ಲಿ ಈಜಿಪ್ಟಿನದ್ದೇ ನಾಗ್ ಹಮ್ಮಾದಿಯಲ್ಲಿ ಕಾಪ್ಟಿಕ್ ಭಾಷೆಯ ಪೂರ್ತಿ ಪ್ರತಿ ಸಿಕ್ಕ ನಂತರ. ಆಕ್ಸಿರಿಂಕಸ್‌ನ ತಿಪ್ಪೆಗಳಲ್ಲೇ ಸಿಕ್ಕ ಇನ್ನೊಂದು ಪಪೈರಸ್ಸೇ, ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಗ್ರೀಕ್ ಹುಡುಗಿಯ ಪ್ರಹಸನ. 1903ರಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡ ಅಂತ ಮರುವರ್ಷ ಶಾಸನತಜ್ಞ ಹುಲ್ಷ್ ವಾದಿಸಿದರು. ನಮ್ಮ ಗೋವಿಂದ ಪೈಗಳೂ ಅದರ ಮೇಲೆ ಬರೆದರು. ಎಲ್ಲರೂ ಒಪ್ಪಿದ ವಾದ ಅಲ್ಲ ಅದು. ಆದರೂ ನಾವು ಶಾಲೆಯಲ್ಲಿ ಕೇಳಿದ ಗ್ರೀಕ್ ಪ್ರಹಸನವೂ, ಸುವಾರ್ತೆಯ ಹಳೆಯ ಹಾಳೆಗಳೂ ಒಂದೇ ಊರಿನ ಕಸದ ಗುಡ್ಡೆಗಳಿಂದ ಬಂದವು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಇನ್ನು ಎರಡನೇ ಪ್ರಶ್ನೆ: ಬರೆದವರು ಯಾರು? ನಮ್ಮ ಕನ್ನಡ ಪುಸ್ತಕದಲ್ಲಿ 'ಮಾರ್ಕನು ಬರೆದ ಸುವಾರ್ತೆ' ಅಂತ ಓದುತ್ತೇವೆ. ಗ್ರೀಕಿನಲ್ಲಿ ಇರುವುದು 'ಕತಾ ಮಾರ್ಕೊನ್', ಅಂದರೆ ಮಾರ್ಕನ ಪ್ರಕಾರ. ಒಳಗಿನ ಪಠ್ಯದಲ್ಲಿ 'ನಾನು ಮಾರ್ಕ' ಅಂತ ಎಲ್ಲೂ ಇಲ್ಲ. ನಾಲ್ಕರಲ್ಲೂ ಬರೆದವನ ಹೆಸರಿಲ್ಲ. ಹೆಸರು ಆಮೇಲೆ ಅಂಟಿಸಿದ್ದು ಅಂತ ಒಂದು ಪಕ್ಷ. ಆಮೇಲೆ ಅಂಟಿಸಿದ್ದರೆ ಊರಿಗೊಂದು ಹೆಸರು ಇರಬೇಕಿತ್ತಲ್ಲ, ಸಿಕ್ಕ ಎಲ್ಲಾ ಪ್ರತಿಗಳಲ್ಲೂ ಅದೇ ನಾಲ್ಕು ಹೆಸರು ಯಾಕಿದೆ ಅಂತ ಜರ್ಮನಿಯ ಮಾರ್ಟಿನ್ ಹೆಂಗೆಲ್ ಕೇಳಿದರು. ಪ್ರಶ್ನೆ ಬಲವಾದದ್ದೇ. ಪಾಪಿಯಾಸನ ಹೇಳಿಕೆಯೂ ಇದೆ: ಮಾರ್ಕ ಪೇತ್ರನ ದುಭಾಷಿ, ನೆನಪಿದ್ದದ್ದನ್ನು ನಿಖರವಾಗಿ ಬರೆದ, ಆದರೆ ಕ್ರಮವಾಗಿ ಅಲ್ಲ. ಮಾರ್ಕ ಅಪೊಸ್ತಲನಲ್ಲ. ಸುಳ್ಳು ಹೆಸರು ಇಡುವವರು ಇಷ್ಟು ಚಿಕ್ಕ ಹೆಸರು ಯಾಕೆ ಆರಿಸುತ್ತಿದ್ದರು? ಹಾಗಾಗಿ ಮಾರ್ಕನ ಮಟ್ಟಿಗೆ ಸಂಪ್ರದಾಯ ನಿಜ ಇರಬಹುದು ಅನ್ನಿಸುತ್ತದೆ.

ಮತ್ತಾಯನ ವಿಷಯ ಬೇರೆ. ಮಾರ್ಕನಲ್ಲಿರುವ ವಿಷಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮತ್ತಾಯನಲ್ಲೂ ಇದೆ, ಎಷ್ಟೋ ಕಡೆ ಅವೇ ಗ್ರೀಕ್ ಪದಗಳಲ್ಲಿ. ಮಾರ್ಕ 2:14ರಲ್ಲಿ ಯೇಸು ಸುಂಕದ ಕಟ್ಟೆಯಲ್ಲಿ ಕೂತ ಲೇವಿಯನ್ನು ಕರೆಯುತ್ತಾನೆ. ಮತ್ತಾಯ 9:9ರಲ್ಲಿ ಅದೇ ಘಟನೆ, ಹೆಚ್ಚುಕಡಿಮೆ ಅವೇ ಪದಗಳು, ಕೂತವನ ಹೆಸರು ಮಾತ್ರ ಮತ್ತಾಯ. ಬರೆದವನು ಆ ಸುಂಕದವನೇ ಆಗಿದ್ದರೆ, ತನ್ನ ಬದುಕು ತಿರುಗಿದ ಆ ದಿನವನ್ನು ಹೇಳಲು, ಅಲ್ಲಿ ಇಲ್ಲದ ಇನ್ನೊಬ್ಬನ ವಾಕ್ಯಗಳನ್ನು ಎರವಲು ಪಡೆಯುತ್ತಿದ್ದನಾ? ಇದಕ್ಕೆ ಸಮಾಧಾನದ ಉತ್ತರ ನಾನು ಇನ್ನೂ ಕೇಳಿಲ್ಲ. ಲೂಕನಂತೂ ತಾನು ಕಣ್ಣಾರೆ ಕಂಡವನು ಅಂತ ಹೇಳಿಕೊಳ್ಳುವುದೇ ಇಲ್ಲ. ಕಂಡವರಿಂದ ಬಂದದ್ದನ್ನು ವಿಚಾರಿಸಿ ಬರೆದೆ ಅಂತ ಮೊದಲ ಸಾಲುಗಳಲ್ಲೇ ಹೇಳುತ್ತಾನೆ.

ಮತ್ತಾಯ, ಲೂಕ ಇಬ್ಬರಲ್ಲೂ ಇದ್ದು ಮಾರ್ಕನಲ್ಲಿ ಇಲ್ಲದ ಮಾತುಗಳು ಎಲ್ಲಿಂದ ಬಂದವು? ಕಳೆದುಹೋದ ಒಂದು ಸಂಗ್ರಹದಿಂದ ಅಂತ ಅನೇಕರು, ಅದನ್ನು 'ಕ್ಯೂ' ಅಂತ ಕರೆಯುತ್ತಾರೆ. ಅಂಥದ್ದು ಬೇಕಿಲ್ಲ, ಲೂಕನ ಮುಂದೆ ಮತ್ತಾಯನ ಪುಸ್ತಕವೇ ಇತ್ತು ಅಂತ 1955ರಲ್ಲಿ ಆಸ್ಟಿನ್ ಫ್ಯಾರರ್ ವಾದಿಸಿದರು. ಈಗ ಆ ಪಕ್ಷಕ್ಕೆ ಜನ ಜಾಸ್ತಿಯಾಗುತ್ತಿದ್ದಾರೆ. ನಿಮ್ಮ ಪ್ರಶ್ನೆಗೆ ಇದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ, ಮುಂದೆ ಹೋಗುತ್ತೇನೆ.

ಕಾಲದ ಬಗ್ಗೆ ಬಹುಮಂದಿ ಹೇಳುವುದು ಇದು: ಮಾರ್ಕ ಸುಮಾರು ಕ್ರಿ.ಶ. 70, ಮತ್ತಾಯ ಮತ್ತು ಲೂಕ 80-90ರ ಸುಮಾರು, ಯೋಹಾನ ಆಮೇಲೆ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರು. ಮಾರ್ಕನ 13ನೇ ಅಧ್ಯಾಯ ಆ ಬಿಸಿಯಲ್ಲೇ ಬರೆದ ಹಾಗಿದೆ ಅನ್ನುವುದು ಮುಖ್ಯ ಕಾರಣ. ಎಲ್ಲವನ್ನೂ 70ಕ್ಕಿಂತ ಹಿಂದಕ್ಕೆ ಹಾಕುವವರೂ ಇದ್ದಾರೆ. ಹೇಗೆ ನೋಡಿದರೂ ಯೇಸು ಸತ್ತ 30ರ ಸುಮಾರಿಗೂ ಮಾರ್ಕನಿಗೂ ಹೆಚ್ಚೆಂದರೆ ಒಂದು ತಲೆಮಾರಿನ ಅಂತರ.

ಆ ಅಂತರದಲ್ಲಿ ಏನೂ ಇಲ್ಲವಾ? ಇದೆ. ಪೌಲನ ಪತ್ರಗಳು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ ಸುಮಾರು 50ರದ್ದು. ಪೌಲನ ಹೆಸರಿನ 13 ಪತ್ರಗಳಲ್ಲಿ 7 ಅವನದ್ದೇ ಅಂತ ಹೆಚ್ಚುಕಡಿಮೆ ಎಲ್ಲರೂ ಒಪ್ಪುತ್ತಾರೆ, ಉಳಿದವುಗಳ ಮೇಲೆ ವಾದ ಇದೆ. ಗಲಾತ್ಯದವರಿಗೆ ಬರೆದ ಪತ್ರ ಓದಿ. ತಾನು ಯೆರೂಸಲೇಮಿಗೆ ಹೋಗಿ ಕೇಫನ ಜೊತೆ 15 ದಿನ ಇದ್ದೆ, ಕರ್ತನ ತಮ್ಮನಾದ ಯಾಕೋಬನನ್ನೂ ಕಂಡೆ ಅನ್ನುತ್ತಾನೆ. ಕೇಫ ಅಂದರೆ ಪೇತ್ರ. ಪತ್ರದ ಕೊನೆಯಲ್ಲಿ ಲೇಖನಿಯನ್ನು ತಾನೇ ತೆಗೆದುಕೊಂಡು, 'ನೋಡಿ, ಎಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ' ಅನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದಲ್ಲಂತೂ, ಹೇಳಿದ್ದನ್ನು ಬರೆದುಕೊಂಡ ತೆರ್ತ್ಯ, 'ಈ ಪತ್ರ ಬರೆದ ನಾನೂ ನಮಸ್ಕಾರ ಹೇಳುತ್ತೇನೆ' ಅಂತ ನಡುವೆ ಒಂದು ಸಾಲು ಸೇರಿಸಿದ್ದಾನೆ. ಯೇಸುವಿನ ಒಡಹುಟ್ಟಿದವನನ್ನು ಮುಖತಃ ಕಂಡವನ ಪತ್ರ ನಮ್ಮ ಕೈಯಲ್ಲಿದೆ. ಯೇಸು ಅನ್ನುವವನೇ ಇರಲಿಲ್ಲ ಅನ್ನುವ ವಾದವನ್ನು ನಾನು ಒಪ್ಪದಿರಲು ಇದೇ ದೊಡ್ಡ ಕಾರಣ. ಯೆಹೂದಿ ಚರಿತ್ರೆಕಾರ ಜೋಸೆಫಸನೂ ಆ ಯಾಕೋಬನ ಸಾವನ್ನು ಹೇಳುತ್ತಾನೆ. ರೋಮಿನ ಟ್ಯಾಸಿಟಸ್, ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾದದ್ದನ್ನು ದಾಖಲಿಸುತ್ತಾನೆ.

ಆದರೆ ಯೇಸು ಇದ್ದ ಅಂದ ಮಾತ್ರಕ್ಕೆ ಸುವಾರ್ತೆಯ ಪ್ರತಿ ಸಾಲೂ ವರದಿ ಆಗುವುದಿಲ್ಲ. ಲೂಕ, ಕುರೇನ್ಯ ಸಿರಿಯಾದ ಅಧಿಪತಿಯಾಗಿದ್ದಾಗ ನಡೆದ ಜನಗಣತಿಯ ಹೊತ್ತಿಗೆ ಯೇಸು ಹುಟ್ಟಿದ ಅನ್ನುತ್ತಾನೆ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಮತ್ತಾಯನ ಪ್ರಕಾರ ಆಗ ಹೆರೋದ ರಾಜನಾಗಿದ್ದ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಕಡಿಮೆ ಅಂದರೂ ಒಂಬತ್ತು ವರ್ಷದ ವ್ಯತ್ಯಾಸ. ಹೊಂದಿಸಲು ಪಟ್ಟ ಪ್ರಯತ್ನಗಳು ತುಂಬಾ ಇವೆ, ಯಾವುದೂ ನನಗೆ ಒಪ್ಪಿಗೆಯಾಗಿಲ್ಲ. ಲೂಕ ಇಲ್ಲಿ ತಪ್ಪಿದ್ದಾನೆ ಅಂತ ಹೇಳುವುದೇ ಪ್ರಾಮಾಣಿಕ.

ಇದಕ್ಕೆ ಎದುರಾಗಿ ಇನ್ನೊಂದು ಸಾಲು ನೋಡಿ. ಮಾರ್ಕ 15:21ರಲ್ಲಿ ಯೇಸುವಿನ ಶಿಲುಬೆಯನ್ನು ಹೊರಲು ಕುರೇನೆ ಊರಿನ ಸೀಮೋನನನ್ನು ಹಿಡಿಯುತ್ತಾರೆ. 'ಅಲೆಕ್ಸಾಂದ್ರ ಮತ್ತು ರೂಫ ಅನ್ನುವವರ ತಂದೆ' ಅಂತ ಮಾರ್ಕ ಸೇರಿಸುತ್ತಾನೆ. ಈ ಇಬ್ಬರು ಕಥೆಯಲ್ಲಿ ಮುಂದೆ ಬರುವುದೇ ಇಲ್ಲ. ಮತ್ತಾಯ, ಲೂಕ ಇಬ್ಬರೂ ಆ ಹೆಸರುಗಳನ್ನು ಬಿಟ್ಟಿದ್ದಾರೆ. ಹಾಗಾದರೆ ಮಾರ್ಕ ಯಾಕೆ ಹೇಳಿದ? ಅವನ ಓದುಗರಿಗೆ ಆ ಇಬ್ಬರು ಗೊತ್ತಿದ್ದರು. 'ನಮ್ಮ ಅಲೆಕ್ಸಾಂದ್ರನ ಅಪ್ಪ ಕಣ್ರೀ' ಅನ್ನುವ ಹಾಗೆ. ಬೇಕಾದರೆ ಹೋಗಿ ಕೇಳಬಹುದಿತ್ತು. ರಿಚರ್ಡ್ ಬಾಕಮ್ ಅನ್ನುವ ಬ್ರಿಟಿಷ್ ವಿದ್ವಾಂಸರು ಇಂಥ ಹೆಸರುಗಳನ್ನೇ ಹಿಡಿದು, ಸುವಾರ್ತೆಗಳ ಹಿಂದೆ ಕಣ್ಣಾರೆ ಕಂಡವರ ಸಾಕ್ಷಿ ಇದೆ ಅಂತ 2006ರಲ್ಲಿ ದೊಡ್ಡ ವಾದ ಮಂಡಿಸಿದರು. ಅದಕ್ಕೆ ತೀರಾ ಎದುರಾಗಿ, 1920ರ ಹೊತ್ತಿಗೇ ಜರ್ಮನಿಯ ಬುಲ್ಟ್‌ಮನ್, ಈ ಕಥೆಗಳನ್ನು ರೂಪಿಸಿದ್ದು ಮೊದಲ ಕಾಲದ ಕ್ರೈಸ್ತ ಸಭೆಗಳ ಅಗತ್ಯ ಅಂದಿದ್ದರು. ಬಾಕಮ್ ಅವರ ವಾದ ಎಲ್ಲಾ ಕಡೆ ನಿಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ. ಸೀಮೋನನ ಈ ಸಾಲಿನಲ್ಲಿ ಮಾತ್ರ ಖಂಡಿತ ನಿಲ್ಲುತ್ತದೆ.

ನೈಸಿಯಾ ವಿಷಯ ಬೇಗ ಮುಗಿಸುತ್ತೇನೆ. ಬಿಷಪ್ಪರ ಆ ಸಭೆ ಕೂಡಿದ್ದು 325ರಲ್ಲಿ. ಯೇಸು ದೇವರಿಂದ ಸೃಷ್ಟಿಯಾದವನು ಅನ್ನುತ್ತಿದ್ದ ಆರಿಯಸನ ಬೋಧನೆ, ಈಸ್ಟರ್ ದಿನ, ಚರ್ಚಿನ ಶಿಸ್ತು ಇವುಗಳ ಬಗ್ಗೆ ತೀರ್ಮಾನ ಮಾಡಿದರು. ಅದು ಹೊರಡಿಸಿದ 20 ನಿಯಮಗಳಲ್ಲಿ ಸುವಾರ್ತೆಗಳ ಆಯ್ಕೆಯ ಮಾತೇ ಇಲ್ಲ. ಬಲಿಪೀಠದ ಮೇಲೆ ಪುಸ್ತಕಗಳನ್ನಿಟ್ಟು ಆರಿಸಿದರು ಅನ್ನುವ ಕಥೆ ಎಷ್ಟೋ ಶತಮಾನಗಳ ನಂತರದ ಬರಹದಿಂದ ಬಂದದ್ದು. ಐರೇನಿಯಸ್ 180ರ ಹೊತ್ತಿಗೇ ಸುವಾರ್ತೆಗಳು ನಾಲ್ಕೇ ಅಂತ ಹಟ ಹಿಡಿದಿದ್ದ. ಈಗಿರುವ 27 ಪುಸ್ತಕಗಳ ಪಟ್ಟಿ ಸರಿಯಾಗಿ ಹಾಗೇ ಸಿಗುವುದು 367ರಲ್ಲಿ ಅಲೆಕ್ಸಾಂಡ್ರಿಯಾದ ಅಥನೇಸಿಯಸ್ ಬರೆದ ಪತ್ರದಲ್ಲಿ. ಪುಸ್ತಕ ಸುಟ್ಟದ್ದು ನಿಜ, ಆದರೆ 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಸುಡಿಸಿದ್ದು ಕ್ರೈಸ್ತರ ಪುಸ್ತಕಗಳನ್ನೇ. ಒಂದು ಮಾತಿನಲ್ಲಿ ನಿಮ್ಮ ಗೆಳೆಯರ ಕಡೆ ನ್ಯಾಯ ಇದೆ: ಬೇರೆ ಸುವಾರ್ತೆಗಳು ಇದ್ದವು. ಚರ್ಚು ಅವುಗಳನ್ನು ಒಪ್ಪಲಿಲ್ಲ, ನಕಲು ಮಾಡುವವರು ಕಡಿಮೆಯಾದರು, ಹೆಚ್ಚಿನವು ಕಳೆದುಹೋದವು. ಇತಿಹಾಸ ಓದುವವರಿಗೆ ಅದು ದೊಡ್ಡ ನಷ್ಟ.

ಯಾವುದನ್ನು ನಂಬಲಿ ಅಂತ ಕೇಳಿದಿರಿ. ನಿಮ್ಮ ಬದಲು ನಾನು ತೀರ್ಮಾನ ಮಾಡಲಾರೆ. ಒಂದು ಸಂಜೆ ಹೀಗೆ ಮಾಡಿ. ಮಾರ್ಕ 1:40-45, ಮತ್ತಾಯ 8:1-4, ಲೂಕ 5:12-16, ಈ ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಕುಷ್ಠರೋಗಿಯೊಬ್ಬನನ್ನು ಯೇಸು ವಾಸಿ ಮಾಡುವ ಕಥೆ. ಮೂರರಲ್ಲೂ ಇರುವ ಪದಗಳಿಗೆ ಒಂದು ಬಣ್ಣ, ಮಾರ್ಕನಲ್ಲಿ ಮಾತ್ರ ಇರುವುದಕ್ಕೆ ಇನ್ನೊಂದು ಬಣ್ಣ ಹಾಕಿ. 41ನೇ ವಚನದಲ್ಲಿ ಯೇಸುವಿಗೆ 'ಕನಿಕರ' ಹುಟ್ಟಿತು ಅಂತ ನಿಮ್ಮ ಪುಸ್ತಕದಲ್ಲಿ ಇರುತ್ತದೆ. ಉಳಿದ ಇಬ್ಬರಲ್ಲಿ ಆ ಪದವೇ ಇಲ್ಲ. ನಿಮ್ಮ ಅಜ್ಜಿಯವರ ಕಥೆಯನ್ನು ಉಳಿಸಿಕೊಟ್ಟ ಬೇಝೆ ಪ್ರತಿಯಲ್ಲಿ ಅಲ್ಲಿ ಇರುವುದು 'ಸಿಟ್ಟಾಗಿ' ಅಂತ. ಕೆಲವು ಹೊಸ ಅನುವಾದಗಳು ಅದನ್ನೇ ಒಪ್ಪಿಕೊಂಡಿವೆ. ಕನಿಕರ ಅಂತ ಇದ್ದಿದ್ದರೆ ಮತ್ತಾಯನೂ ಲೂಕನೂ ಅದನ್ನು ಬಿಡಲು ಕಾರಣ ಏನಿತ್ತು? ಸಿಟ್ಟು ಅಂತ ಇದ್ದಿದ್ದರೆ, ಕಾಲಿಗೆ ಬಿದ್ದ ರೋಗಿಯನ್ನು ನೋಡಿ ಯೇಸುವಿಗೆ ಸಿಟ್ಟು ಯಾಕೆ? ಹಾಳೆ ಮುಂದಿಟ್ಟುಕೊಂಡು ಯೋಚಿಸಿ, ನಿಮಗೆ ಏನನ್ನಿಸಿತು ಅಂತ ಬರೆಯಿರಿ.